ಕಿವಿಯಿಂದ ಬಿಡಿಸುವ ಗುಟ್ಟು: ಶಾಲೆಯ ರಾಕ್ ಬ್ಯಾಂಡ್ ಮಕ್ಕಳ ಪತ್ತೇದಾರಿ ಕಥೆ ಬರೆಯುವುದು ಹೇಗೆ

ಶಾಲೆಯಲ್ಲಿ ರಾಕ್ ಬ್ಯಾಂಡ್ ಕಟ್ಟಿದ ನಾಲ್ಕು ಮಕ್ಕಳು. ಬೀಗ ಹಾಕಿದ ಒಂದು ಕೋಣೆ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಇಷ್ಟು ಹೇಳಿದರೆ ಸಾಕು, ಹತ್ತು ಹನ್ನೆರಡು ವರ್ಷದ ಮಕ್ಕಳು ಹತ್ತಿರ ಸರಿದು ಕೂರುತ್ತಾರೆ. ತೀರ್ಥಹಳ್ಳಿ ಕಡೆ ರಜೆ ದಿನಗಳಲ್ಲಿ ಮಕ್ಕಳಿಗೆ ಕಥೆ ಹೇಳುವ, ಅವರಿಂದ ಬರೆಸುವ ಕೆಲಸ ನಾನು ಮಾಡುತ್ತೇನೆ. ಈ ಥರದ ಕಥೆ ಬರೆಯಬೇಕು ಅಂತ ಆಸೆ ಇರುವ ಮೇಷ್ಟ್ರುಗಳು, ಅಪ್ಪ ಅಮ್ಮಂದಿರು, ಹೊಸದಾಗಿ ಬರೆಯುವವರು ಆಗಾಗ ಸಿಗುತ್ತಾರೆ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಶುರುವಿನಲ್ಲೇ ಒಂದು ಮಾತು. ನಿಮ್ಮ ಕಥೆಯಿಂದ ಬ್ಯಾಂಡನ್ನು ತೆಗೆದು ಆ ಜಾಗದಲ್ಲಿ ಕಬಡ್ಡಿ ತಂಡ ಇಟ್ಟು ನೋಡಿ. ಕಥೆ ಹಾಗೇ ನಿಂತರೆ ಬ್ಯಾಂಡ್ ಸುಮ್ನೆ ಅಲಂಕಾರಕ್ಕೆ ಇದೆ ಅಂತ ಅರ್ಥ. ಬ್ಯಾಂಡ್ ಮಕ್ಕಳ ಕಥೆಯಲ್ಲಿ ಗುಟ್ಟು ಬಿಡಿಸಬೇಕಾದದ್ದು ಕಿವಿ. ಭೂತಗನ್ನಡಿ, ಬೆರಳಚ್ಚು, ಸಿಸಿ ಕ್ಯಾಮೆರಾ ಎಲ್ಲ ಪೊಲೀಸರಿಗೂ ಸಿಗುತ್ತದೆ. ದಿನಾ ಸಂಜೆ ಒಟ್ಟಿಗೆ ನುಡಿಸುವ ಮಕ್ಕಳಿಗೆ ಕೇಳಿಸುವುದು ಪೊಲೀಸರಿಗೆ ಕೇಳಿಸಲ್ಲ. ಅದನ್ನೇ ಹಿಡಿದುಕೊಳ್ಳಿ.

ಮೊದಲು ಉತ್ತರ ಬರೆಯಿರಿ, ಆಮೇಲೆ ಪ್ರಶ್ನೆ

ಪತ್ತೇದಾರಿ ಕಥೆಯನ್ನು ಕೊನೆಯಿಂದ ಕಟ್ಟಬೇಕು. ಏನು ನಡೆಯಿತು, ಯಾರು ಮಾಡಿದರು, ಯಾಕೆ ಮಾಡಿದರು ಅನ್ನುವುದನ್ನು ಅರ್ಧ ಪುಟದಲ್ಲಿ ಬರೆದಿಟ್ಟುಕೊಳ್ಳಿ. ನಾನೀಗ ಬರೆಯುತ್ತಿರುವ ಕಥೆಯನ್ನೇ ಉದಾಹರಣೆಗೆ ಕೊಡುತ್ತೇನೆ, ಮುಂದೆ ಎಲ್ಲ ಹಂತಕ್ಕೂ ಇದೇ ಸಾಕು.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಂದು ಶಾಲೆ. ಆಗಸ್ಟ್ 15ರ ಕಾರ್ಯಕ್ರಮದಲ್ಲಿ ಎಂಟನೇ ಕ್ಲಾಸಿನವರ ಬ್ಯಾಂಡ್ ಮೊದಲ ಸಲ ನುಡಿಸಬೇಕು. ವಾರದ ಮುಂಚೆ ಒಂದು ಬೆಳಿಗ್ಗೆ ನೋಡಿದರೆ ಗಿಟಾರ್‌ನ ಶ್ರುತಿ ಬದಲಾಗಿದೆ. ಸರಿ ಮಾಡಿಟ್ಟರೆ ಮರುದಿನ ಮತ್ತೆ ಬದಲಾಗಿದೆ. ಬೀಗ ಹಾಕಿದ ಹಾಗೇ ಇದೆ. ನಾಲ್ಕು ದಿನಕ್ಕೆ ಗಿಟಾರೇ ಕಾಣೆ.

ಉತ್ತರ ಇದು. ಬಿಸಿಯೂಟ ಮಾಡುವ ಅಕ್ಕನ ಮಗ ಮಂಜ. ಹತ್ತನೇ ಕ್ಲಾಸ್ ಮುಗಿಸಿ ಓದು ಬಿಟ್ಟು ಅಡಿಕೆ ತೋಟದಲ್ಲಿ ಔಷಧಿ ಹೊಡೆಯಲು ಹೋಗುತ್ತಾನೆ. ಬ್ಯಾಂಡ್ ಕೋಣೆಯ ಕೀಲಿ ಅಡುಗೆಮನೆಯ ಮೊಳೆಗೆ ನೇತಾಡುತ್ತದೆ. ರಾತ್ರಿ ಅವನೂ ಐದನೇ ಕ್ಲಾಸಿನ ತಂಗಿಯೂ ಬಂದು ನುಡಿಸುತ್ತಾರೆ, ಅವನು ಗಿಟಾರ್, ಅವಳು ಕೊಳಲು. ಒಂದು ರಾತ್ರಿ ಹೆಂಚು ಒಡೆದು ಗಿಟಾರ್ ಮೇಲೇ ಮಳೆ ಸೋರುತ್ತಿರುತ್ತದೆ. ನೆನೆದು ಹಾಳಾಗಬಾರದು ಅಂತ ಮಂಜ ಅದನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ಒಯ್ದು, ಒಲೆಗೆ ಹತ್ತಿರದ ಅಟ್ಟದ ಮೇಲೆ ಇಡುತ್ತಾನೆ. ಮಲೆನಾಡಿನ ಮನೆಯಲ್ಲಿ ಮಳೆಗಾಲದಲ್ಲಿ ಒಣಗಿರುವ ಜಾಗ ಅದೊಂದೇ ಅಲ್ವಾ. ವಾಪಸ್ ತಂದಿಡುವಷ್ಟರಲ್ಲಿ ಮಳೆ ರಜೆ ಕೊಟ್ಟುಬಿಡುತ್ತಾರೆ, ಅವನು ಸಿಕ್ಕಿಹಾಕಿಕೊಳ್ಳುತ್ತಾನೆ.

ಇಲ್ಲಿ ಕೊಲೆ ಇಲ್ಲ, ಕಳ್ಳಸಾಗಣೆ ಇಲ್ಲ. ಮಕ್ಕಳ ಕಥೆಗೆ ಮಕ್ಕಳ ಅಳತೆಯ ಗುಟ್ಟು ಬೇಕು. ಆದರೆ ಮಕ್ಕಳ ಪಾಲಿಗೆ ಅದು ಬಹಳ ದೊಡ್ಡದಾಗಿರಬೇಕು. ಒಂದೇ ಒಂದು ಗಿಟಾರ್ ಇರುವ ಬ್ಯಾಂಡಿಗೆ ಅದು ಹೋದರೆ ಎಲ್ಲವೂ ಹೋದ ಹಾಗೆ.

ಬ್ಯಾಂಡ್ ಕಟ್ಟಿ, ಒಬ್ಬೊಬ್ಬರಿಗೆ ಒಂದೊಂದು ಕಿವಿ ಕೊಡಿ

ನಾಲ್ಕು ಜನ ಸಾಕು. ಆರು ಏಳು ಜನ ಆದರೆ ಓದುವ ಮಗುವಿಗೆ ಹೆಸರು ನೆನಪಿಡುವುದೇ ಕೆಲಸ ಆಗುತ್ತದೆ. ನನ್ನ ಕಥೆಯಲ್ಲಿ ಶ್ರೀನಿಧಿ ಗಿಟಾರ್, ಭೂಮಿಕಾ ಬಾಸ್ ಗಿಟಾರ್ (ತಗ್ಗಿನ ಸ್ವರ ನುಡಿಸುವ ನಾಲ್ಕು ತಂತಿಯದು), ಇರ್ಫಾನ್ ಡ್ರಮ್, ಲವೀನಾ ಹಾಡು. ಒಬ್ಬೊಬ್ಬರ ಸ್ವಭಾವ ಬರೆಯುವ ಮುಂಚೆ ಯಾರಿಗೆ ಏನು ಕೇಳಿಸುತ್ತದೆ ಅಂತ ಬರೆದುಕೊಳ್ಳಿ. ಶ್ರೀನಿಧಿಗೆ ಶ್ರುತಿ ಕೂದಲೆಳೆಯಷ್ಟು ಆಚೀಚೆ ಆದರೂ ತಡೆಯಲ್ಲ. ಇರ್ಫಾನ್‌ಗೆ ಸದ್ದಿನ ಜಾತಿ ಗೊತ್ತು, ಹೆಂಚಿನ ಮೇಲಿನ ಮಳೆ ಯಾವುದು, ತಗಡಿನ ಮೇಲಿನ ಮಳೆ ಯಾವುದು ಅಂತ ಕಣ್ಣುಮುಚ್ಚಿ ಹೇಳುತ್ತಾನೆ. ಲವೀನಾ ಒಮ್ಮೆ ಕೇಳಿದ ರಾಗ ಮರೆಯಲ್ಲ. ಭೂಮಿಕಾ ಕಡಿಮೆ ಮಾತಾಡುತ್ತಾಳೆ, ಅದಕ್ಕೇ ಬೇರೆಯವರು ಮಾತಿನ ಮಧ್ಯೆ ಬಿಟ್ಟ ಜಾಗ ಅವಳಿಗೆ ಕೇಳಿಸುತ್ತದೆ. ಯಾರು ಸುಳ್ಳು ಹೇಳುವಾಗ ತಡವರಿಸಿದರು ಅಂತ ಹಿಡಿಯುವವಳು ಅವಳೇ.

ಹೀಗೆ ಮಾಡಿದರೆ ಒಬ್ಬನೇ ಹೀರೋ ಆಗುವುದು ತಪ್ಪುತ್ತದೆ. ನಾಲ್ಕೂ ಕಿವಿ ಸೇರಿದರೆ ಮಾತ್ರ ಉತ್ತರ ಸಿಗಬೇಕು. ಬ್ಯಾಂಡ್ ಅಂದರೆ ಅದೇ ತಾನೇ.

ಇನ್ನೊಂದು, ವಾದ್ಯಗಳು ಎಲ್ಲಿಂದ ಬಂದವು ಅಂತ ಒಂದೆರಡು ಸಾಲು ಹೇಳಲೇಬೇಕು. ನಮ್ಮ ಕಡೆ ಸಣ್ಣ ಊರಿನ ಶಾಲೆಯಲ್ಲಿ ಡ್ರಮ್ ಸೆಟ್ ಇದೆ ಅಂದರೆ ಮಕ್ಕಳೇ ನಂಬಲ್ಲ. ನಾನು ಗಣಪತಿ ಹಬ್ಬಕ್ಕೆ ಊರೂರು ತಿರುಗುತ್ತಿದ್ದ ಒಂದು ಹಳೇ ಆರ್ಕೆಸ್ಟ್ರಾ ಮುಚ್ಚಿಹೋದಾಗ ಅದರ ಸಾಮಾನನ್ನು ಶಾಲೆಗೆ ಕೊಟ್ಟರು ಅಂತ ಮಾಡಿಕೊಂಡೆ. ಸ್ಪೀಕರ್ ಡಬ್ಬದ ಮೇಲೆ ಆ ಆರ್ಕೆಸ್ಟ್ರಾದ ಮಾಸಿದ ಅಕ್ಷರ ಇನ್ನೂ ಇದೆ.

ನೀವೇ ಒಂದು ಸಂಜೆ ಆ ವಾದ್ಯಗಳ ಹತ್ತಿರ ಕೂತು ಬನ್ನಿ

ಇದನ್ನು ದಯವಿಟ್ಟು ಬಿಡಬೇಡಿ. ಶಿವಮೊಗ್ಗದಲ್ಲಿ, ಸಾಗರದಲ್ಲಿ, ತೀರ್ಥಹಳ್ಳಿಯಲ್ಲಿ ಗಿಟಾರ್, ಡ್ರಮ್ ನುಡಿಸುವ ಹುಡುಗರು ಇದ್ದೇ ಇದ್ದಾರೆ. ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ನಾನು ಹಾಗೆ ಹೋಗಿ ಕೂತಾಗ ಕಂಡ ಒಂದು ಸಂಗತಿಯೇ ನನ್ನ ಕಥೆಯ ಅರ್ಧ ಭಾಗ ಆಯಿತು.

ಡ್ರಮ್ ಸೆಟ್‌ನಲ್ಲಿ ಸ್ನೇರ್ ಅಂತ ಒಂದು ಚಪ್ಪಟೆ ಡ್ರಮ್ ಇರುತ್ತದೆ. ಅದರ ಕೆಳಗಿನ ಹೊದಿಕೆಗೆ ತಾಗುವ ಹಾಗೆ ಸಣ್ಣ ಸುರುಳಿ ತಂತಿಗಳ ಒಂದು ಸಾಲು ಕಟ್ಟಿರುತ್ತಾರೆ. ಪಕ್ಕದಲ್ಲಿ ಒಂದು ಪುಟ್ಟ ಸನ್ನೆ. ಸನ್ನೆ ಮೇಲೆತ್ತಿದರೆ ತಂತಿ ಹೊದಿಕೆಗೆ ಅಂಟಿಕೊಳ್ಳುತ್ತದೆ, ಹೊಡೆದರೆ ಝರ್ ಅನ್ನುತ್ತದೆ. ಇಳಿಸಿದರೆ ತಂತಿ ಬಿಡುತ್ತದೆ, ಡ್ರಮ್ ತಮಟೆಯ ಹಾಗೆ ಟೊಂ ಅನ್ನುತ್ತದೆ. ಅವತ್ತು ಡ್ರಮ್ ಮುಂದೆ ಯಾರೂ ಇರಲಿಲ್ಲ. ಆಚೆ ಮೂಲೆಯಲ್ಲಿ ಒಬ್ಬ ಹುಡುಗ ಬಾಸ್ ಶ್ರುತಿ ಮಾಡುತ್ತಿದ್ದ. ಒಂದು ಸ್ವರ ಬಂದ ಕೂಡಲೇ ಖಾಲಿ ಡ್ರಮ್ ತಾನಾಗೇ ಝಿರ್ರ್ ಅಂದಿತು. ಸ್ವರ ನಿಂತರೆ ಅದೂ ನಿಂತಿತು. ನಾನು ಡ್ರಮ್ ಮೇಲೆ ನಾಲ್ಕು ಅಕ್ಕಿ ಕಾಳು ಹಾಕಿಸಿದೆ, ಮತ್ತೆ ಅದೇ ಸ್ವರ ನುಡಿಸಲು ಹೇಳಿದೆ. ಕಾಳು ಎದ್ದು ಕುಣಿದವು! ಗಾಳಿಯಲ್ಲಿ ಬಂದ ಅದುರು ಡ್ರಮ್‌ನ ಚರ್ಮಕ್ಕೆ ಹೊಂದಿಕೊಂಡಾಗ ಅದೂ ಅದುರುತ್ತದೆ, ಅಷ್ಟೇ ವಿಷಯ. ಆದರೆ ಕತ್ತಲಾದ ಕೋಣೆಯಲ್ಲಿ ಮಕ್ಕಳಿಗೆ ಅದು ದೆವ್ವ.

ಈಗ ಇದನ್ನು ಸುಳಿವು ಮಾಡಿ. ಇರ್ಫಾನ್ ಅಭ್ಯಾಸ ಮುಗಿದ ಮೇಲೆ ತಪ್ಪದೆ ಸನ್ನೆ ಇಳಿಸಿ ಹೋಗುವವನು. ಇದನ್ನು ಮೊದಲನೇ ಅಧ್ಯಾಯದಲ್ಲೇ, ಬೇರೇನೋ ಮಾತಿನ ಮಧ್ಯೆ ಹೇಳಿ ಮುಗಿಸಿ. ಮೂರನೇ ಅಧ್ಯಾಯದಲ್ಲಿ ಬೆಳಿಗ್ಗೆ ಬಾಗಿಲು ತೆಗೆದು ಭೂಮಿಕಾ ಬಾಸ್ ನುಡಿಸಿದ ಕೂಡಲೇ ಡ್ರಮ್ ಗುರ್ ಅನ್ನಲಿ. ಎಲ್ಲರೂ ಹೆದರಲಿ. ಎರಡು ಅಧ್ಯಾಯ ಕಳೆದ ಮೇಲೆ ಇರ್ಫಾನ್‌ಗೆ ಹೊಳೆಯಲಿ: ತಂತಿ ಬಿಟ್ಟ ಡ್ರಮ್ ಹಾಗೆ ಅನ್ನಲ್ಲ. ಸನ್ನೆಯನ್ನು ಯಾರೋ ಎತ್ತಿದ್ದಾರೆ. ಗಿಟಾರ್ ಮುಟ್ಟುವವರು ಡ್ರಮ್ ಯಾಕೆ ಮುಟ್ಟಿದರು? ಹಾಗಾದರೆ ಕೋಣೆಗೆ ಬಂದವರು ಒಬ್ಬರಲ್ಲ, ಇಬ್ಬರು. ಮಂಜನ ತಂಗಿ ಅಣ್ಣ ಶ್ರುತಿ ಮಾಡುವವರೆಗೆ ಸುಮ್ಮನೆ ಕೂರಲಾರದೆ ಆ ಸನ್ನೆಯ ಜೊತೆ ಆಡಿದ್ದಳು.

ಮುಖ್ಯ ಸುಳಿವು ಶ್ರುತಿಯದ್ದು

ಗಿಟಾರ್‌ಗೆ ಆರು ತಂತಿ. ಸಾಮಾನ್ಯ ಶ್ರುತಿಯಲ್ಲಿ ದಪ್ಪ ತಂತಿಯಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಅದುರುತ್ತದೆ, ಅತಿ ತೆಳುವಾದದ್ದು ಸುಮಾರು 330 ಸಲ. ಮಳೆಗಾಲದಲ್ಲಿ ಶ್ರುತಿ ಜಾರುವುದು ಎಲ್ಲರಿಗೂ ಗೊತ್ತು. ತೇವಕ್ಕೆ ಮರ ಹಿಗ್ಗುತ್ತದೆ, ಚಳಿ ಸೆಕೆಗೆ ತಂತಿಯ ಬಿಗಿ ಬದಲಾಗುತ್ತದೆ. ಹಾಗಾಗಿ ಮೇಷ್ಟ್ರು "ಮಳೆಗೆ ಹಾಗಾಗತ್ತೆ, ಸುಮ್ನೆ ಗಲಾಟೆ ಮಾಡಬೇಡಿ" ಅನ್ನುವುದು ನ್ಯಾಯವೇ.

ಶ್ರೀನಿಧಿ ಮೊಬೈಲಿನಲ್ಲಿ ಶ್ರುತಿ ಅಳೆಯುವ ಟ್ಯೂನರ್ ಇಟ್ಟು ಒಂದೊಂದೇ ತಂತಿ ನೋಡುತ್ತಾನೆ. 82 ಇರಬೇಕಾದ ಕಡೆ 78. ಅದರ ಪಕ್ಕದ ತಂತಿ 110 ಇರಬೇಕಾದ ಕಡೆ 104. ಹೀಗೇ ಆರೂ ತಂತಿ, ಸರಿಯಾಗಿ ಅರ್ಧ ಸ್ವರ ಕೆಳಗೆ. ಮಳೆಗೆ ಜಾರಿದ್ದರೆ ಒಂದೊಂದು ತಂತಿ ಒಂದೊಂದು ಥರ ಜಾರುತ್ತಿತ್ತು. ಆರನ್ನೂ ಒಂದೇ ಲೆಕ್ಕದಲ್ಲಿ ಇಳಿಸಬೇಕಾದರೆ ಒಳ್ಳೆ ಕಿವಿ ಇರುವ ಮನುಷ್ಯನೇ ಬೇಕು. ಈ ದೃಶ್ಯವನ್ನು ಅವಸರ ಮಾಡದೆ ಬರೆಯಿರಿ. ಓದುವ ಮಗು ತಾನೇ ಒಂದೊಂದು ತಂತಿಗೂ ಲೆಕ್ಕ ಹಾಕಬೇಕು.

ಯಾಕೆ ಇಳಿಸಿದ? ಅದು ಕೊನೆಯವರೆಗೆ ಗುಟ್ಟಾಗಿರಲಿ. ಕೊಳಲಿನ ಶ್ರುತಿಯನ್ನು ನಮಗೆ ಬೇಕಾದ ಹಾಗೆ ತಿರುಪಿ ಬದಲಾಯಿಸಲು ಆಗಲ್ಲ, ಬಿದಿರಿನ ಉದ್ದ, ತೂತಿನ ಜಾಗ ಎಷ್ಟೋ ಅಷ್ಟೇ. ತಂಗಿಯ ಕೊಳಲು ಇ ಫ್ಲ್ಯಾಟ್‌ದು, ಅಂದರೆ ಇ ಸ್ವರಕ್ಕಿಂತ ಅರ್ಧ ಸ್ವರ ಕೆಳಗೆ. ಮಂಜನಿಗೆ ಬರುವುದು ಇ, ಎ, ಬಿ ಮೂರೇ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಬೆರಳು ಬದಲಾಯಿಸಲು ಬರದವನು ತಂತಿಯನ್ನೇ ಇಳಿಸಿಕೊಂಡ. ಗಿಟಾರ್ ಕಲಿತ ಯಾರೇ ಓದಿದರೂ ಹೌದು ಅನ್ನುತ್ತಾರೆ. ಇಂಥ ಕಡೆ ತಪ್ಪು ಬರೆದರೆ ಕಥೆಯ ಮೇಲಿನ ನಂಬಿಕೆಯೇ ಹೋಗುತ್ತದೆ, ಆದ್ದರಿಂದ ನುಡಿಸುವವರ ಹತ್ತಿರ ಒಮ್ಮೆ ಓದಿಸಿ ನೋಡಿ.

ಎಲೆಕ್ಟ್ರಿಕ್ ಗಿಟಾರ್ ಆಗಿದ್ದರೆ ಇನ್ನೊಂದು ಅನುಕೂಲ ಇದೆ. ಆಂಪ್ಲಿಫೈಯರ್ ಇಲ್ಲದೆ ಅದು ನುಡಿಯುವುದು ಬಹಳ ಮೆಲ್ಲಗೆ, ಪಕ್ಕದ ಕೋಣೆಗೂ ಸರಿಯಾಗಿ ಕೇಳಲ್ಲ. ರಾತ್ರಿ ಕದ್ದು ನುಡಿಸುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಕೊಳಲಿನ ಸದ್ದನ್ನು ಹೆಂಚಿನ ಮೇಲಿನ ಮಳೆ ನುಂಗಿಬಿಡುತ್ತದೆ. ಪೂರ್ತಿ ನುಂಗಲ್ಲ, ಒಂದು ರಾತ್ರಿ ಲವೀನಾಗೆ ಸ್ವಲ್ಪ ಕೇಳಿಸುತ್ತದೆ. ಅಜ್ಜಿ "ಅದು ಸಿಳ್ಳು ಹಾಕೋ ಹಕ್ಕಿ, ಮಲಗು" ಅನ್ನುತ್ತಾರೆ. ಮಲಬಾರ್ ವಿಸ್ಲಿಂಗ್ ಥ್ರಶ್ ನಮ್ಮ ಹಳ್ಳದ ಬದಿಗಳಲ್ಲಿ ಮಳೆಗಾಲದಲ್ಲಿ ಮನುಷ್ಯರು ಸಿಳ್ಳು ಹಾಕಿದ ಹಾಗೇ ಹಾಡುತ್ತದೆ, ಅಜ್ಜಿಯ ಮಾತು ಸುಳ್ಳಲ್ಲ. ಆದರೆ ಅದು ಹಾಡುವುದು ಹೆಚ್ಚಾಗಿ ನಸುಕಿನಲ್ಲಿ. ಲವೀನಾ ಕೇಳಿದ್ದು ನಡುರಾತ್ರಿ. ಅದೂ ಒಂದೇ ಸಾಲು ಮತ್ತೆ ಮತ್ತೆ, ಯಾರೋ ಕಲಿಯುತ್ತಿರುವ ಹಾಗೆ.

ಮಲೆನಾಡು ಬರೀ ಹಿನ್ನೆಲೆ ಚಿತ್ರ ಆಗಬಾರದು

ಮಂಜು, ಗುಡ್ಡ, ಜಲಪಾತ ಅಂತ ಪ್ಯಾರಾ ತುಂಬಿಸಿದರೆ ಮಕ್ಕಳು ಪುಟ ತಿರುವುತ್ತಾರೆ. ಇಲ್ಲಿನ ಮಕ್ಕಳಿಗಂತೂ ಅದು ಬೇಡವೇ ಬೇಡ, ಕಿಟಕಿ ತೆಗೆದರೆ ಕಾಣುತ್ತದೆ. ಊರನ್ನು ಸುಳಿವಿನ ಒಳಗೆ ಇಡಿ. ಮಳೆಯ ಲೆಕ್ಕವೂ ಸರಿ ಇರಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯ ಶಾಲೆಗೆ ಆಗುಂಬೆಯ ಮಳೆ ಸುರಿಸಬೇಡಿ.

ನೀಲಿ ಕಲೆಯನ್ನೇ ತೆಗೆದುಕೊಳ್ಳಿ. ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆಯುತ್ತಾರೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ, ಮಳೆ ಸ್ವಲ್ಪ ಹೊಳವಾದ ದಿನ ನೋಡಿಕೊಂಡು. ಹೊಡೆಯುವವರ ಅಂಗಿ, ಹಗ್ಗ, ಉಗುರಿನ ಸಂದು ಎಲ್ಲ ತಿಳಿ ನೀಲಿ. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಬುಡದಲ್ಲಿ ಒಂದು ಗೆರೆ ಉಳಿಯುತ್ತದೆ. ಗಿಟಾರ್ ಹಿಡಿದಾಗ ಎಡಗೈ ಹೆಬ್ಬೆರಳು ಕುತ್ತಿಗೆಯ ಹಿಂಬದಿಗೆ ಕೂರುತ್ತದೆ. ಎರಡನೇ ಅಧ್ಯಾಯದಲ್ಲಿ ಗಿಟಾರ್ ಒರೆಸುವಾಗ ಶ್ರೀನಿಧಿಗೆ ಅಲ್ಲಿ ಸುಣ್ಣದಂಥ ನೀಲಿ ಮಚ್ಚೆ ಕಾಣುತ್ತದೆ, ಸೀಮೆಸುಣ್ಣ ಇರಬೇಕು ಅಂತ ಒರೆಸಿಬಿಡುತ್ತಾನೆ. ನಾಲ್ಕನೇ ಅಧ್ಯಾಯದಲ್ಲಿ ಮಕ್ಕಳು ತೋಟದ ದಾರಿಯಲ್ಲಿ ಬರುವಾಗ ಮೇಲೆ ಮರದಲ್ಲಿ ಔಷಧಿ ಹೊಡೆಯುತ್ತಿರುತ್ತಾರೆ, ಹನಿ ಬೀಳುತ್ತದೆ ಅಂತ ಎಲ್ಲರೂ ಓಡುತ್ತಾರೆ. ಎರಡರ ನಡುವೆ ಗೆರೆ ನೀವು ಎಳೆಯಬೇಡಿ. ಜಾಣ ಮಗು ತಾನೇ ಎಳೆಯುತ್ತದೆ. ಆ ಖುಷಿಗೇ ಅಲ್ವಾ ಪತ್ತೇದಾರಿ ಕಥೆ ಓದುವುದು.

ಆಮೇಲೆ ರಕ್ತ. ಗಿಟಾರ್ ಕಾಣೆಯಾದ ಬೆಳಿಗ್ಗೆ ಕೋಣೆಯ ನೆಲದಲ್ಲಿ ಒಣಗಿದ ರಕ್ತದ ಹನಿಗಳು. ಅಧ್ಯಾಯ ಅಲ್ಲಿಗೆ ನಿಲ್ಲಿಸಿ. ಮುಂದಿನ ಅಧ್ಯಾಯದಲ್ಲಿ ಭೂಮಿಕಾ ತನ್ನ ಕಾಲುಚೀಲ ಇಳಿಸಿ ತೋರಿಸುತ್ತಾಳೆ: ಇಂಬಳ, ಅಂದರೆ ಜಿಗಣೆ. ಇಂಬಳ ಕಚ್ಚಿದ್ದು ಗೊತ್ತೇ ಆಗಲ್ಲ, ರಕ್ತ ಹೆಪ್ಪುಗಟ್ಟದಂಥ ರಸ ಬಿಡುತ್ತದೆ, ಅದು ಬಿದ್ದುಹೋದ ಮೇಲೂ ಎಷ್ಟೋ ಹೊತ್ತು ರಕ್ತ ಸುರಿಯುತ್ತಲೇ ಇರುತ್ತದೆ. ಡಾಂಬರು ರಸ್ತೆಯಲ್ಲಿ ಬಂದವರಿಗೆ ಹೀಗೆ ಆಗಲ್ಲ. ಬಂದವರು ತೋಟದ ಕಾಲುದಾರಿಯಲ್ಲಿ ಬಂದಿದ್ದಾರೆ. ಹೆದರಿಕೆಯಿಂದ ಶುರುವಾಗಿ ದಾರಿ ತೋರಿಸುವ ಸುಳಿವು ಇದು. ನಮ್ಮ ಊರಿನ ಹೊರತು ಬೇರೆ ಕಡೆಯ ಕಥೆಗಾರರಿಗೆ ಸುಲಭವಾಗಿ ಸಿಗುವಂಥದ್ದಲ್ಲ.

ಒಂದು ಸುಳ್ಳು ದಾರಿಯೂ ಬೇಕು

ಅನುಮಾನ ಬೇರೆ ಕಡೆ ಹೋಗಬೇಕು. ಹತ್ತನೇ ಕ್ಲಾಸಿನ ಆಕಾಶ್‌ಗೆ ಬ್ಯಾಂಡಿನಲ್ಲಿ ಜಾಗ ಸಿಗಲಿಲ್ಲ ಅಂತ ಸಿಟ್ಟು ಇದೆ, ಮನೆಯಲ್ಲಿ ಸ್ವಂತ ಗಿಟಾರ್ ಇದೆ. ಆಗಸ್ಟ್ 11ರ ರಾತ್ರಿ ಎಂಟೂವರೆಗೆ ಅವನು ಎಲ್ಲರಿಗೂ ಒಂದು ರೆಕಾರ್ಡಿಂಗ್ ಕಳಿಸುತ್ತಾನೆ, "ಈಗ ಮನೇಲಿ ಪ್ರಾಕ್ಟೀಸ್ ಮಾಡ್ತಾ ಇದೀನಿ" ಅಂತ. ಗಿಟಾರ್ ಕಾಣೆಯಾಗಿದ್ದು ಅದೇ ರಾತ್ರಿ. ಹಾಗಾದರೆ ಅವನು ಮನೆಯಲ್ಲೇ ಇದ್ದ, ಬಿಟ್ಟುಬಿಡೋಣ ಅನ್ನುತ್ತಾರೆ.

ಇರ್ಫಾನ್ ಅದನ್ನು ಮತ್ತೆ ಮತ್ತೆ ಕೇಳುತ್ತಾನೆ. ಗಿಟಾರ್‌ನ ಹಿಂದೆ ಒಂದು ಸಣ್ಣ ಗುಂಯ್ ಇದೆ. ಆಂಪ್ಲಿಫೈಯರ್ ಕರೆಂಟಿಗೆ ಹಾಕಿದಾಗ ಬರುವ ಗುಂಯ್. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ತಿರುಗುತ್ತದೆ, ಅದೇ ಸ್ಪೀಕರಿನಲ್ಲಿ ಕೇಳುವುದು. ಅವತ್ತು ಸಂಜೆ ಆರಕ್ಕೆ ಮರ ಬಿದ್ದು ಇಡೀ ಊರಿಗೆ ಕರೆಂಟ್ ಇರಲಿಲ್ಲ! ರೆಕಾರ್ಡಿಂಗ್ ಹಿಂದಿನ ದಿನದ್ದು. ಆಕಾಶ್ ಸುಳ್ಳು ಹೇಳಿದ್ದಾನೆ. ಇದು ನಾನು ಸುಮ್ನೆ ಕಟ್ಟಿದ್ದಲ್ಲ, ರೆಕಾರ್ಡಿಂಗ್ ಯಾವ ಹೊತ್ತಿನದು ಅಂತ ಪತ್ತೆ ಮಾಡಲು ಧ್ವನಿ ತಜ್ಞರು ಕರೆಂಟಿನ ಈ ಗುಂಯ್ ಸದ್ದನ್ನು ನಿಜವಾಗಿಯೂ ಪರೀಕ್ಷೆ ಮಾಡುತ್ತಾರೆ.

ಆದರೆ ಅವನು ಕಳ್ಳನಲ್ಲ. ಮನೆಯಲ್ಲಿ ಬೇಡ ಅಂದಿದ್ದರೂ ತುಂಗೆ ಏರಿದ್ದನ್ನು, ರಾಮಮಂಟಪ ಮುಳುಗಿದ್ದನ್ನು ನೋಡಲು ಸೇತುವೆಗೆ ಹೋಗಿದ್ದ. ಸುಳ್ಳು ದಾರಿಯಲ್ಲೂ ಒಂದು ನಿಜವಾದ ಸಣ್ಣ ಗುಟ್ಟು ಇರಬೇಕು, ಇಲ್ಲದಿದ್ದರೆ ಓದಿದ ಮಗುವಿಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ. ಮತ್ತೆ ತೂತು ಮುಚ್ಚಿ: ಆಕಾಶ್ ಮನೆಯಲ್ಲಿ ಇನ್ವರ್ಟರ್ ಇಲ್ಲ ಅನ್ನುವುದು ಮೊದಲೇ ಗೊತ್ತಾಗಬೇಕು. ನಾನು ಅವನ ಅಮ್ಮ ಸೀಮೆಎಣ್ಣೆ ಬುಡ್ಡಿ ಹುಡುಕುವ ಒಂದು ಸಾಲು ಇಟ್ಟಿದ್ದೇನೆ.

ದೊಡ್ಡವರನ್ನು ದೂರ ಇಡಲು ನಮ್ಮಲ್ಲಿ ಕಷ್ಟವೇ ಇಲ್ಲ. ಮಳೆ ರಜೆ ಇದೆಯಲ್ಲ. ಅದರಲ್ಲೂ ಮಕ್ಕಳು ನೆನೆದುಕೊಂಡು ಶಾಲೆಗೆ ಬಂದು ಮುಟ್ಟಿದ ಮೇಲೆ ರಜೆ ಅಂತ ಗೊತ್ತಾಗುವ ಬೆಳಿಗ್ಗೆ ಒಂದು ಇರಲಿ, ಗಿಟಾರ್ ಕಾಣೆಯಾದದ್ದು ಅವರಿಗೆ ತಿಳಿಯುವುದು ಆಗಲೇ.

ಹಾಡು ಬರೆಯುವಾಗ

ಬ್ಯಾಂಡ್ ಕಥೆ ಅಂದ ಮೇಲೆ ಹಾಡು ಬೇಕು. ಸಿನಿಮಾ ಹಾಡಿನ ಸಾಲು ಎತ್ತಿ ಹಾಕಬೇಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಉಳಿದಿರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ ಅವರ ಕವಿತೆ ಅಚ್ಚು ಹಾಕಲು ಅನುಮತಿ ಬೇಕು. ಶಿಶುನಾಳ ಶರೀಫರು 1889ರಲ್ಲೇ ತೀರಿಕೊಂಡವರು, ಅವರ ತತ್ವಪದ ಹಾಕಬಹುದು. ವಚನಗಳಿಗಂತೂ ತಡೆಯೇ ಇಲ್ಲ. ಅಕ್ಕಮಹಾದೇವಿ ನಮ್ಮ ಶಿಕಾರಿಪುರ ತಾಲೂಕಿನ ಉಡುತಡಿಯವಳು, ಅಲ್ಲಮ ಅಲ್ಲೇ ಪಕ್ಕದ ಬಳ್ಳಿಗಾವಿಯವನು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಅಕ್ಕನ ವಚನವನ್ನು ಡ್ರಮ್ ಜೊತೆ ಹಾಡಿದರೆ ಎಷ್ಟು ಚೆನ್ನಾಗಿರುತ್ತದೆ ಯೋಚನೆ ಮಾಡಿ.

ಇನ್ನೂ ಒಳ್ಳೆಯದು ಅಂದರೆ ಮಕ್ಕಳೇ ಬರೆದ ಹಾಡು ಇರುವುದು. ಅದು ಕವಿಗಳ ಹಾಡಿನ ಹಾಗೆ ಇರಬಾರದು, ಎಂಟನೇ ಕ್ಲಾಸಿನವರು ಬರೆದ ಹಾಗೇ ಇರಬೇಕು. ನಾನು ಇಟ್ಟದ್ದು ಹೀಗೆ:

ಮಳೆ ಮಳೆ ಮಳೆ ಹೆಂಚಿನ ಮೇಲೆ
ಯಾರದು ಕುಣಿಯೋದು ರಾತ್ರಿ ವೇಳೆ

ಲವೀನಾ ನಡುರಾತ್ರಿ ಕೇಳಿದ ಕೊಳಲಿನ ಸಾಲು ಇದರದ್ದೇ ಧಾಟಿ. ಬ್ಯಾಂಡಿನ ನಾಲ್ವರ ಹೊರತು ಯಾರಿಗೂ ಗೊತ್ತಿಲ್ಲದ ಹಾಡು. ಹಾಗಾದರೆ ನುಡಿಸಿದವರು ದಿನಾ ಅಭ್ಯಾಸದ ಹೊತ್ತಿಗೆ ಹತ್ತಿರದಲ್ಲೇ ಇರುವವರು. ಅಡುಗೆಮನೆ ಕಟ್ಟೆಯ ಮೇಲೆ ಅಮ್ಮನಿಗಾಗಿ ಕಾಯುತ್ತಾ ಕೂರುವ ಒಂದು ಪುಟ್ಟ ಹುಡುಗಿಯನ್ನು ನೀವು ಆಗಲೇ ಮೂರು ಸಲ ತೋರಿಸಿರಬೇಕು, ಮೂರು ಸಲವೂ ಯಾರೂ ಅವಳನ್ನು ಗಮನಿಸಿರಬಾರದು.

ಮಾತು ಹೇಗಿರಬೇಕು

ನಿರೂಪಣೆ ಸರಳ ಬರಹದ ಕನ್ನಡದಲ್ಲಿರಲಿ, ಮಾತು ಮಾತ್ರ ನಮ್ಮ ಕಡೆಯದೇ ಆಗಲಿ. "ಎಂಥ ಮಾರಾಯ, ಹೆದರಿಸ್ತೀಯಲ್ಲ" ಅಂತ ಒಂದು ಮಗು ಅಂದರೆ ಅರ್ಧ ಪುಟದ ವರ್ಣನೆ ಬೇಕಾಗಲ್ಲ. ತೀರಾ ಜಾಸ್ತಿ ಹಾಕಿದರೆ ಕೋಲಾರದ ಮಗು, ಕಲಬುರಗಿಯ ಮಗು ಓದುವಾಗ ಎಡವುತ್ತದೆ, ಅದನ್ನೂ ನೆನಪಿಡಿ. ಡ್ರಮ್, ಗಿಟಾರ್, ಟ್ಯೂನ್, ಕಾರ್ಡ್ ಅನ್ನುವ ಮಾತುಗಳಿಗೆ ಕನ್ನಡ ಹುಡುಕುತ್ತಾ ಕೂರಬೇಡಿ, ನುಡಿಸುವ ಮಕ್ಕಳು ಹಾಗೇ ಹೇಳುವುದು.

ಸಿಕ್ಕಿಬಿದ್ದ ಮೇಲೆ

ಇದು ನನಗೆ ಬಹಳ ಮುಖ್ಯ ಅನ್ನಿಸುವ ಹಂತ. ಮಂಜ ಸಿಗುವ ದೃಶ್ಯದಲ್ಲಿ ಮಕ್ಕಳು ಅವನನ್ನು ಹಿಡಿದು ಎಳೆದು ತರುವುದು ಬೇಡ. 14ರ ಸಂಜೆ ನಾಲ್ವರೂ ಅವನ ಮನೆ ಅಂಗಳಕ್ಕೆ ಹೋಗುತ್ತಾರೆ. ಒಳಗೆ ಕೊಳಲು ಕೇಳುತ್ತದೆ. ಭೂಮಿಕಾ ಬಾಗಿಲು ತಟ್ಟುವ ಬದಲು ಅಲ್ಲೇ ನಿಂತು ಆ ಹಾಡಿನ ಮುಂದಿನ ಸಾಲು ಗುನುಗುತ್ತಾಳೆ, ಕೊಳಲು ನಿಲ್ಲುತ್ತದೆ. ಅಷ್ಟು ಸಾಕು.

ಹಾಗಂತ ಎಲ್ಲ ಸಲೀಸಾಗಿ ಮುಗಿಯಬಾರದು. ಶ್ರೀನಿಧಿ ಮೂರು ದಿನ ನಿದ್ದೆ ಮಾಡಿಲ್ಲ. ಅವನಿಗೆ ಸಿಟ್ಟು ಬರಬೇಕು, ಅದನ್ನು ಹೇಳಬೇಕು, ಮಂಜ ನೆಟ್ಟಗೆ ನಿಂತು ತಪ್ಪಾಯಿತು ಅನ್ನಬೇಕು. ಅಮ್ಮನ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಅವನಿಗೆ ಇದೆ, ಅದು ನಿಜವಾದ ಹೆದರಿಕೆ, ಮಕ್ಕಳು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಹೆಡ್‌ಮಾಸ್ಟರ್ ಹತ್ತಿರ ಏನು ಹೇಳಬೇಕು ಅಂತ ನಾಲ್ವರಲ್ಲೇ ಜಗಳ ಆಗಲಿ. ನನ್ನ ಕಥೆಯಲ್ಲಿ ಅವರು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಾರೆ, ಸೋರುವ ಹೆಂಚನ್ನೂ ತೋರಿಸುತ್ತಾರೆ.

ಮರುದಿನ ಧ್ವಜ ಹಾರಿಸಿದ ಮೇಲೆ ಬ್ಯಾಂಡ್ ನುಡಿಸುತ್ತದೆ. ಈ ಸಲ ಶ್ರೀನಿಧಿ ತಾನೇ ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿಕೊಳ್ಳುತ್ತಾನೆ, ಭೂಮಿಕಾ ತನ್ನ ನಾಲ್ಕು ತಂತಿ ಇಳಿಸುತ್ತಾಳೆ, ಯಾಕೆಂದರೆ ಕೊಳಲು ಬದಲಾಗಲ್ಲ.

ಕೊನೆಗೆ, ಜೋರಾಗಿ ಓದಿ

ಬರೆದು ಮುಗಿದ ಮೇಲೆ ಒಂದು ಪಟ್ಟಿ ಮಾಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಎಲ್ಲಿ, ಕೀಲಿ ಎಲ್ಲಿ, ಮಳೆ ಇತ್ತಾ ಇಲ್ವಾ. ಆಮೇಲೆ ಮಕ್ಕಳನ್ನು ಕೂರಿಸಿಕೊಂಡು ದಿನಕ್ಕೆ ಎರಡು ಅಧ್ಯಾಯ ಓದಿ. ಪ್ರತಿ ಸಲ ನಿಲ್ಲಿಸಿದಾಗ ಯಾರ ಮೇಲೆ ಅನುಮಾನ ಅಂತ ಚೀಟಿಯಲ್ಲಿ ಬರೆಸಿ. ಅರ್ಧ ಕಥೆಗೇ ಎಲ್ಲರೂ ಮಂಜ ಅಂತ ಬರೆದರೆ ಸುಳಿವು ಜಾಸ್ತಿ ಆಯಿತು. ಕೊನೆಯವರೆಗೂ ಒಬ್ಬರೂ ಬರೆಯದಿದ್ದರೆ ಕಡಿಮೆ ಆಯಿತು. ಇಪ್ಪತ್ತು ಮಕ್ಕಳಲ್ಲಿ ಮೂರು ನಾಲ್ಕು ಜನ ಕೊನೆಯ ಹೊತ್ತಿಗೆ ಹಿಡಿದರೆ ಅಳತೆ ಸರಿ ಇದೆ ಅಂತ ನನ್ನ ಲೆಕ್ಕ.

ನಾನು ಮೊದಲ ಕರಡನ್ನು ಒಂದು ಮನೆಯ ಜಗಲಿಯಲ್ಲಿ ಓದಿದೆ. ಅದರಲ್ಲಿ ಡ್ರಮ್ ತಾನಾಗೇ ಗುರ್ ಅನ್ನುವ ದೃಶ್ಯ ಗಿಟಾರ್ ಕಾಣೆಯಾದ ಮರುದಿನ ಇತ್ತು. ಎಲ್ಲರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಕಂಬಕ್ಕೆ ಒರಗಿ ಕೂತಿದ್ದ ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಕೈ ಎತ್ತಿದಳು. "ಕರೆಂಟ್ ಇನ್ನೂ ಬಂದಿಲ್ಲ ಅಲ್ವಾ ಸಾರ್, ಬಾಸ್ ಡ್ರಮ್‌ವರೆಗೆ ಹೇಗೆ ಕೇಳಿಸ್ತು?" ಅವಳು ಹೇಳಿದ್ದು ಸರಿ. ಆಂಪ್ಲಿಫೈಯರ್ ಇಲ್ಲದೆ ಎಲೆಕ್ಟ್ರಿಕ್ ಬಾಸ್‌ನ ಸದ್ದು ಆ ಡ್ರಮ್ಮನ್ನು ಅಲುಗಿಸಲ್ಲ. ಅವತ್ತು ರಾತ್ರಿಯೇ ಆ ದೃಶ್ಯವನ್ನು ಎರಡು ದಿನ ಹಿಂದಕ್ಕೆ, ಆಗಸ್ಟ್ 10ಕ್ಕೆ ತಂದೆ. ಆಗ ಇಬ್ಬರು ಬಂದಿದ್ದಾರೆ ಅನ್ನುವ ಸುಳಿವು ಗಿಟಾರ್ ಹೋಗುವ ಮುಂಚೆಯೇ ಓದುವವರ ಕೈಗೆ ಸಿಕ್ಕಿತು, ಕಥೆ ಇನ್ನೂ ಬಿಗಿಯಾಯಿತು. ಈಗ ನನ್ನ ಪಟ್ಟಿಯಲ್ಲಿ ಪ್ರತಿ ದೃಶ್ಯದ ಮುಂದೆ ಒಂದು ಕಾಲಂ ಜಾಸ್ತಿ ಇದೆ: ಕರೆಂಟ್ ಇದೆ, ಕರೆಂಟ್ ಇಲ್ಲ. ನಿಮ್ಮ ಪಟ್ಟಿಯಲ್ಲೂ ಅದನ್ನು ಹಾಕಿಕೊಳ್ಳಿ.